ಗ್ವಾಗ್ವಾ ಹೋಯ್ತು!

ಸ್ಪಗೆಟ್ಟಿಯ ಪಾತ್ರೆ ಹೊರದೆ ಸಮುದ್ರಕ್ಕೆ ಹೋಗುವುದುಂಟೇ? ಯುದೆಲ್ಕಾ ಹುಟ್ಟಿ ಬೆಳೆದ ದೊಮಿನಿಕನ್ ನಾಡಿನಲ್ಲಿ ಹಾಗೆ ಹೋದವರನ್ನು ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಈಗ ಇರುವುದು ಚಿಲಿ ದೇಶದ ಅಂತೊಫಗಾಸ್ತಾ ಆದರೇನಂತೆ, ಇಲ್ಲಿನ ಸಮುದ್ರಕ್ಕೆ ಕಾಲಿಟ್ಟರೆ ಚಳಿ ಮೂಳೆ ಕೊರೆದರೇನಂತೆ! ಭಾನುವಾರ ಬೆಳಿಗ್ಗೆಯೇ ಎದ್ದು ದೊಡ್ಡ ಪಾತ್ರೆ ತುಂಬ ಮಾಡಿ, ಮುಚ್ಚಳ ಜಾರದಂತೆ ಬಟ್ಟೆ ಕಟ್ಟಿದಳು.

ಇಷ್ಟೆಲ್ಲ ಸಂಭ್ರಮ ಮಗಳು ಯಾನೆಲಿಗಾಗಿ. ಗಂಡ ವಿಲ್ಕಿನ್‌ನ ಜೊತೆ ಇಲ್ಲಿಗೆ ಹೊರಟಾಗ ಅವಳಿನ್ನೂ ತೊದಲು ಮಾತಿನ ಕೂಸು. ಅಜ್ಜಿಯ ಮಡಿಲಿಗೆ ಹಾಕಿ ಬಂದಿದ್ದರು. ಹೋದ ಬೇಸಿಗೆಯಲ್ಲಿ ಕರೆಸಿಕೊಂಡಾಗ ಏಳು ವರ್ಷದ ಹುಡುಗಿ ಬಂದಿಳಿದಳು. ಅಪ್ಪನನ್ನು ಅಪ್ಪ ಎಂದಳು. ತಾಯಿಯನ್ನು ಮಾತ್ರ ಹೆಸರು ಹಿಡಿದು ಕರೆದಳು. ಅಮ್ಮ ಅನ್ನುವ ಮಾತು ಊರಲ್ಲಿರುವ ಅಜ್ಜಿಗೇ ಮೀಸಲು. ಯುದೆಲ್ಕಾ ನಕ್ಕು ಸುಮ್ಮನಾಗುತ್ತಿದ್ದಳು. ಈವತ್ತು ಸಮುದ್ರದ ದಂಡೆಯಲ್ಲಿ ಹೇಗಾದರೂ ಮಗಳನ್ನು ಒಲಿಸಿಕೊಳ್ಳಬೇಕು ಅಂತ ಅವಳ ಲೆಕ್ಕ.

"ಬೇಗ ಹೊರಡ್ರೋ, ಗ್ವಾಗ್ವಾ ಹೋಗ್ಬಿಡತ್ತೆ!" ಎಂದು ಬಾಗಿಲಲ್ಲೇ ಕೂಗಿದಳು.

"ಯುದೆಲ್ಕಾ, ಗ್ವಾಗ್ವಾ ಅನ್ಬೇಡ," ಯಾನೆಲಿ ಮುಖ ಗಂಟಿಕ್ಕಿದಳು. "ಇಲ್ಲಿ ಬಸ್ಸಿಗೆ ಮಿಕ್ರೋ ಅಂತಾರೆ. ನಾನು ಕ್ಲಾಸಲ್ಲಿ ಗ್ವಾಗ್ವಾ ಅಂದಿದ್ದಕ್ಕೆ ಎಲ್ರೂ ಬಿದ್ದುಬಿದ್ದು ನಕ್ರು."

"ನಗ್ಲಿ ಬಿಡೇ. ನಮ್ಮಜ್ಜ ಮುತ್ತಜ್ಜ ಎಲ್ಲ ಗ್ವಾಗ್ವಾ ಅಂದ್ಕೊಂಡೇ ಓಡಾಡಿದ್ದು. ಮೊಳದುದ್ದ ಇಲ್ಲ, ನಂಗೆ ಮಾತು ಕಲಿಸ್ತಾಳೆ!"

ಬಸ್ಸು ಹತ್ತಿದ ಮೇಲೂ ಯುದೆಲ್ಕಾಳ ಬಾಯಿ ಸುಮ್ಮನಿರಲಿಲ್ಲ. ನಾಲ್ಕು ಸೀಟು ದೂರದಲ್ಲಿದ್ದ ಗಂಡನ ಜೊತೆ ಇಡೀ ಬಸ್ಸಿಗೆ ಕೇಳುವಂತೆ ಹರಟೆ. "ಮೆಲ್ಲಗೆ ಮಾತಾಡು, ಎಲ್ಲ ನೋಡ್ತಿದಾರೆ," ಎಂದು ಗೊಣಗಿ ಯಾನೆಲಿ ಎದ್ದುಹೋಗಿ ಕಟ್ಟಕಡೆಯ ಸೀಟಿನಲ್ಲಿ, ಬಿರುಕುಬಿಟ್ಟ ಗಾಜಿನ ಪಕ್ಕ ಕೂತುಬಿಟ್ಟಳು. ಯುದೆಲ್ಕಾಳಿಗೆ ಚುರುಕ್ಕೆಂದಿತು. ಹೆತ್ತವಳ ಪಕ್ಕ ಕೂರುವುದಕ್ಕೂ ನಾಚಿಕೆಯೇ ಈ ಹುಡುಗಿಗೆ?

ದಂಡೆಯ ಹತ್ತಿರ ಬಸ್ಸು ನಿಂತಿತು. ಎರಡೂ ಕೈಯಲ್ಲಿ ಪಾತ್ರೆ ಹಿಡಿದು ಯುದೆಲ್ಕಾ ಮುಂದಿನ ಬಾಗಿಲಿನಿಂದ ಇಳಿದಳು. ಛತ್ರಿ, ಚಾಪೆ ಹೊತ್ತು ವಿಲ್ಕಿನ್ ಹಿಂದಿನ ಬಾಗಿಲಿನಿಂದ ಇಳಿದ. ಬಾಗಿಲು ಮುಚ್ಚಿತು, ಬಸ್ಸು ಹೊರಟಿತು.

"ಮಗು ಎಲ್ಲೇ?"

"ನಿನ್ ಜೊತೆ ಇಳೀಲಿಲ್ವಾ?"

"ನಿನ್ ಜೊತೆ ಮುಂದಿನಿಂದ ಇಳಿದ್ಳು ಅಂದ್ಕೊಂಡ್ನಲ್ಲೇ, ಮಾರಾಯ್ತಿ!"

ಯುದೆಲ್ಕಾ ತಿರುಗಿ ನೋಡಿದಳು. ದೂರವಾಗುತ್ತಿದ್ದ ಬಸ್ಸಿನ ಹಿಂದಿನ ಗಾಜಿನಲ್ಲಿ ಕೆಂಪು ರಿಬ್ಬನ್ನಿನ ಪುಟ್ಟ ತಲೆ ಕಿಟಕಿಗೆ ಒರಗಿ ತೂಕಡಿಸುತ್ತಿತ್ತು. ವಿಲ್ಕಿನ್ ಛತ್ರಿ ಬಿಸಾಕಿ ಓಡಿದ. ಯುದೆಲ್ಕಾ ಪಾತ್ರೆ ನೆಲಕ್ಕೆ ಕುಕ್ಕಿ, ಗಂಟಲು ಹರಿಯುವಂತೆ ಕೂಗಿಕೊಂಡಳು.

"ಗ್ವಾಗ್ವಾ! ನನ್ ಗ್ವಾಗ್ವಾ ಹೋಯ್ತು! ಯಾರಾದ್ರೂ ಹಿಡೀರಪ್ಪಾ!"

ದಂಡೆಗೆ ದಂಡೆಯೇ ತಿರುಗಿ ನೋಡಿತು. ತಿಂಡಿಯ ಗಾಡಿಯ ಹೆಂಗಸು ಸೌಟು ಕೈಯಲ್ಲಿಟ್ಟುಕೊಂಡೇ ಓಡಿಬಂದಳು.

"ಅಯ್ಯೋ ದೇವ್ರೇ! ಎಷ್ಟು ತಿಂಗ್ಳದ್ದು ತಾಯಿ?"

"ತಿಂಗ್ಳೇನು ಬಂತು, ಹಳೇ ಡಕೋಟ! ಬಿಳಿ ಬಣ್ಣ, ಹಸಿರು ಪಟ್ಟೆ!"

"ಬಟ್ಟೇನಾ?"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ. ಆದರೆ ಇಲ್ಲಿ ಅವರ ತಪ್ಪೂ ಇರಲಿಲ್ಲ. ಚಿಲಿಯಲ್ಲಿ ಗ್ವಾಗ್ವಾ ಅಂದರೆ ಹಾಲು ಕುಡಿಯುವ ಕೂಸು. ಅವರ ಕಿವಿಗೆ ಬಿದ್ದದ್ದು, ಈ ಹೆಂಗಸಿನ ಕೂಸನ್ನು ಯಾರೋ ಹೊತ್ತೊಯ್ದರು ಅಂತ.

"ಅಗೋ, ಅವ್ನು! ಬಿಳಿ ಬಟ್ಟೇಲಿ ಕೂಸು ಸುತ್ಕೊಂಡು ಓಡ್ತಿದಾನೆ!" ಎಂದು ಯಾರೋ ಕೂಗಿದರು.

ಉಣ್ಣೆಯ ಟೋಪಿ ಹಾಕಿದ ಬಡಕಲು ಯುವಕನೊಬ್ಬ, ಬೊಲಿವಿಯಾದವನಿರಬೇಕು, ಕೂಸನ್ನು ಎದೆಗೊತ್ತಿಕೊಂಡು ಬಿರಬಿರನೆ ಹೋಗುತ್ತಿದ್ದ. ಜನ ಮುಗಿಬಿದ್ದರು. ಒಬ್ಬ ಕುತ್ತಿಗೆಪಟ್ಟಿ ಹಿಡಿದ, ಇನ್ನೊಬ್ಬ ಕೂಸಿಗೇ ಕೈಹಾಕಿದ. "ನಂದು ಸ್ವಾಮೀ, ನನ್ ಮಗು!" ಎಂದು ಅವನು ಅಂಗಲಾಚಿದ. ಕೂಸು ಕಿಟಾರನೆ ಕಿರುಚಿತು. ಯಾರೋ ಬಗ್ಗಿ ಕಲ್ಲು ತೆಗೆದುಕೊಂಡರು.

ಯುದೆಲ್ಕಾ ರಸ್ತೆಯತ್ತ ನೋಡಿದಳು. ಬಸ್ಸು ಇನ್ನೂ ಸಿಗ್ನಲ್ಲಿನಲ್ಲಿ ನಿಂತಿತ್ತು. ಈಗ ಓಡಿದರೆ ಸಿಕ್ಕರೂ ಸಿಕ್ಕೀತು. ಎರಡು ಹೆಜ್ಜೆ ಓಡಿಯೂಬಿಟ್ಟಳು. ಹಿಂದೆ ಕೂಸಿನ ಕಿರುಚಾಟ ಕೇಳಲಾಗಲಿಲ್ಲ. ಹಾಳಾದ್ದು ನನ್ನ ಬಾಯಿ, ಎಂದು ಹಣೆ ಚಚ್ಚಿಕೊಂಡು ತಿರುಗಿ ಗುಂಪಿಗೆ ನುಗ್ಗಿದಳು.

"ಬಿಡ್ರೋ ಅವನ್ನ! ಅದು ಅವನದೇ ಮಗು!"

"ಮತ್ತೆ ನಿನ್ ಗ್ವಾಗ್ವಾ?"

"ನನ್ ಗ್ವಾಗ್ವಾಗೆ ಚಕ್ರ ಇದೆ ಕಣ್ರೋ, ಡ್ರೈವರ್ ಇದಾನೆ! ಅದ್ರೊಳಗೆ ನನ್ ಮಗಳಿದಾಳೆ!"

"ಮಿಕ್ರೋನಾ?" ಎಂದಳು ತಿಂಡಿಯ ಹೆಂಗಸು. ಯಾರೋ ಕಿಸಕ್ಕೆಂದರು. ಕಲ್ಲು ಹಿಡಿದವನು ಮೆಲ್ಲಗೆ ಅದನ್ನು ಕೆಳಗೆ ಹಾಕಿದ. "ತಪ್ಪಾಯ್ತಣ್ಣಾ," ಎಂದು ಯುದೆಲ್ಕಾ ಕೈಮುಗಿದಳು. ಆ ಯುವಕ ಕೂಸಿನ ಟೋಪಿ ಸರಿಮಾಡಿಕೊಂಡು ಹೊರಟುಹೋದ. ಅವಳು ತಿರುಗಿ ನೋಡುವಷ್ಟರಲ್ಲಿ ಬಸ್ಸೂ ಇರಲಿಲ್ಲ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಇಷ್ಟು ವರ್ಷ ಬಿಟ್ಟಿದ್ದೆ, ಈಗ ಮತ್ತೆ ಬಿಟ್ಟೆ ಅನ್ನುತ್ತಾಳಲ್ಲ ಮಗಳು! ಬಿಟ್ಟುಹೋಗುವವಳೇ ಇವಳು ಅಂದುಕೊಳ್ಳುತ್ತಾಳಲ್ಲ!

"ಏಳಮ್ಮ, ಅಳ್ಬೇಡ," ತಿಂಡಿಯ ಹೆಂಗಸು ರಟ್ಟೆ ಹಿಡಿದು ಎಬ್ಬಿಸಿದಳು. "ಮುಂದೆ ರಸ್ತೆ ಮುಗಿಯತ್ತೆ. ತಿರುಗಿ ಈ ಕಡೆಗೇ ಬರ್ಬೇಕು. ಆಚೆ ಹೋಗಿ ನಿಂತ್ಕೋ, ನಿನ್ ಪಾತ್ರೆ ನಾನು ನೋಡ್ಕೋತೀನಿ."

ಆಚೆ ಬದಿಯಲ್ಲಿ ನಿಂತಳು. ಏದುಸಿರು ಬಿಡುತ್ತ ವಿಲ್ಕಿನ್ ಬರಿಗೈಯಲ್ಲಿ ವಾಪಸು ಬಂದ. ಒಬ್ಬರಿಗೊಬ್ಬರು ಬೈಯುವ ತ್ರಾಣವೂ ಇರಲಿಲ್ಲ. ಒಂದು ಬಸ್ಸು ಬಂತು, ಒಳಗೆ ಇಣುಕಿದಳು, ಮಗಳಿಲ್ಲ. ಇನ್ನೊಂದು ನಿಲ್ಲದೇ ಹೋಯಿತು. ಅವಳು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತಳು.

ಮೂರನೆಯದು ನಿಂತಿತು. ಬಾಗಿಲು ತೆರೆದಾಗ ಡ್ರೈವರನ ಪಕ್ಕ ಕಂಬ ಹಿಡಿದು ಯಾನೆಲಿ ನಿಂತಿದ್ದಳು. ಅತ್ತೂ ಅತ್ತೂ ಮೂಗು ಕೆಂಪಾಗಿತ್ತು.

"ಯುದೆಲ್ಕಾ ಅಂದ್ರೆ ನೀವೇನಾ?" ಡ್ರೈವರ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕ. "ಕಳೆದುಹೋದ್ಯಾ ಪುಟ್ಟೀ ಅಂತ ಕೇಳ್ದೆ. ನಾನಲ್ಲ, ನಮ್ಮಮ್ಮ ಕಳೆದುಹೋಗಿದಾಳೆ ಅಂದ್ಳು. ಅವಳಿಗೆ ಇಲ್ಲಿನ ಮಾತು ಬರಲ್ಲ, ಅವಳಿನ್ನೂ ಗ್ವಾಗ್ವಾ, ಬೇಗ ಹುಡುಕ್ಬೇಕು ಅಂತ ಒಂದೇ ಹಟ. ಯಾವುದೋ ತೊಟ್ಟಿಲ ಕೂಸೇ ಇರ್ಬೇಕು ಅಂದ್ಕೊಂಡೆ!"

"ಏನಂದ್ಳು?" ಯುದೆಲ್ಕಾ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. "ಯಾರು ಕಳೆದುಹೋಗಿದಾಳೆ ಅಂದ್ಳು?"

"ನಮ್ಮಮ್ಮ ಅಂದ್ಳು. ಯಾಕೆ, ಅಲ್ವಾ?"

ಯಾನೆಲಿ ದುಡುದುಡು ಇಳಿದು ಬಂದವಳೇ ಕೈಚಾಚಿ ಗದರಿದಳು.

"ಎಲ್ಲೋಗಿದ್ದೆ? ಕೈ ಕೊಡಿಲ್ಲಿ. ರಸ್ತೆ ದಾಟೋವರ್ಗೂ ಬಿಡ್ಬೇಡ."

ಯುದೆಲ್ಕಾ ಕೈ ಕೊಟ್ಟಳು.