ನೂರಿಪ್ಪತ್ತೇಳರ ಊರು

ಸೋಪು ಹಚ್ಚಿಕೊಂಡು ನಿಂತಾಗಲೇ ನೀರು ತಣ್ಣಗಾಗುತ್ತದೆ ಎಂಬುದು ಡೋನಾ ಓಡೆಚಿಯ ದೂರು. ಜುಲೈ ಎಂದರೆ ನಡುಚಳಿಗಾಲವಾದ ಕುರಿಟೀಬಾದಲ್ಲಿ ಅದೇನೂ ಸಣ್ಣ ದೂರಲ್ಲ. ನೀರನ್ನು ತಾನೇ ಕಾಯಿಸುವ ಹೊಸ ಎಲೆಕ್ಟ್ರಿಕ್ ಶವರ್ ಹಾಕಿ ಎರಡು ವಾರವಾಗಿತ್ತು, ಹಾಕಿದವರು ಅನೀಸಿಯೊ. ಅವರ ಜೊತೆಯಲ್ಲೇ ಎಲೆಕ್ಟ್ರಿಕ್ ಕೆಲಸ ಮಾಡುವ ಮಗಳು ಜುರೇಮಾ ಆ ದಿನ ಹಲ್ಲು ಕೀಳಿಸಲು ಹೋಗಿದ್ದಳು. ಈಗ ಇಬ್ಬರೂ ಬಂದಿದ್ದರು.

"ಐದು ನಿಮಿಷಕ್ಕೆ ಬ್ರೇಕರ್ ಬಿದ್ದೋಗತ್ತೆ. ಮೈತುಂಬ ನೊರೆ, ಟವಲ್ ಸುತ್ಕೊಂಡು ಅದನ್ನ ಎತ್ತೋಕೆ ಅಡುಗೆಮನೆಗೆ ಓಡ್ಬೇಕು. ಈ ವಯಸ್ಸಲ್ಲಿ ನಂಗಿದು ಬೇಕಿತ್ತಾ, ಅನೀಸಿಯೊ ಅವ್ರೇ?"

"ಬ್ರೇಕರೇ ಕೆಟ್ಟಿದೆ. ಬೇರೆ ಹಾಕಿದ್ರೆ ಆಯ್ತು."

"ಕುಣಿಯಲಾರದವನಿಗೆ ನೆಲ ಡೊಂಕು," ಎಂದು ಓಡೆಚಿ ಒಲೆಯ ಕಡೆ ತಿರುಗಿದಳು. "ಪಕ್ಕದ್ಮನೆಯವ್ನು ಐವತ್ತು ಆಂಪಿಯರಿಂದು ಹಾಕ್ಸಿ, ಬೀಳೋದೇ ಇಲ್ಲ ಅಂದ."

"ಈ ವೈರಿಗೆ ಅದನ್ನ ಹಾಕಿದ್ರೆ ಬ್ರೇಕರ್ ಬೀಳಲ್ಲ, ಮನೆ ಬೀಳತ್ತೆ. ಅವನಿಗೆ ಹೇಳಿ."

ಜುರೇಮಾಳಿಗೆ ನಗು ಬಂತು. ಎಪ್ಪತ್ತನಾಲ್ಕರ ಅಪ್ಪ ಹೀಗೆ ಗದರಿಸಿದರೆ ಅವಳಿಗೆ ಧೈರ್ಯ. ಕಳೆದೊಂದು ವರ್ಷದಲ್ಲಿ ಅವರು ಎರಡು ಸಲ ಕಾಫಿ ಪಾತ್ರೆ ಸುಟ್ಟಿದ್ದರು, ತೀರಿಹೋದ ಹೆಂಡತಿಯ ಹೆಸರು ಹಿಡಿದು ಮಗಳನ್ನು ಕರೆದಿದ್ದರು. ಮನೆಯಲ್ಲಿ ಕೂರಿಸಮ್ಮ ಎಂದು ಬುದ್ಧಿ ಹೇಳಿದವರಿಗೆ ಬರವಿರಲಿಲ್ಲ. ಬಿಟ್ಟಿ ಬುದ್ಧಿಗೆ ಯಾವ ಊರಲ್ಲೂ ಬರವಿರುವುದಿಲ್ಲ. ಅಪ್ಪ ಟಿವಿ ಮುಂದೆ ಕೂತರೆ ವರ್ಷ ಬಾಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ತನ್ನೊಳಗೇ ಒಂದು ಗೆರೆ ಎಳೆದುಕೊಂಡಿದ್ದಳು: ಹೆಸರು ಮರೆಯಲಿ, ದಾರಿ ಮರೆಯಲಿ, ಲೆಕ್ಕ ತಪ್ಪಿದ ದಿನ ಕೆಲಸ ಬಿಡಿಸುವುದು. ಲೆಕ್ಕ ಅಪ್ಪನಿಗೆ ನೀರು ಕುಡಿದಷ್ಟು ಸಲೀಸು. ಆದ್ದರಿಂದ ಆ ದಿನ ಬರುವುದಿಲ್ಲ ಎಂದೇ ಇದ್ದಳು.

"ಯಾಕಪ್ಪ, ಮೂವತ್ತೆರಡರ ಬ್ರೇಕರ್ ಹಾಕಿದ್ದೀಯ?" ಅಡುಗೆಮನೆಯ ಬ್ರೇಕರ್ ಪೆಟ್ಟಿಗೆಯ ಮುಚ್ಚಳ ತೆಗೆದು ಕೇಳಿದಳು.

"ಮತ್ತಿನ್ನೆಷ್ಟು ಹಾಕ್ಲಿ? ಶವರ್ ಐದೂವರೆ ಸಾವಿರ ವ್ಯಾಟು. ಇನ್ನೂರಿಪ್ಪತ್ತರಿಂದ ಭಾಗ್ಸು. ಇಪ್ಪತ್ತೈದು ಆಂಪಿಯರ್. ಮೂವತ್ತೆರಡು ಧಾರಾಳ ಸಾಕು. ನಾಲ್ಕು ಎಂಎಂ ವೈರೂ ಸಾಕು."

ಭಾಗಾಕಾರ ಸರಿಯಾಗಿಯೇ ಇತ್ತು. ಊರು ತಪ್ಪಾಗಿತ್ತು.

ಅಕ್ಕಪಕ್ಕದ ರಾಜ್ಯಗಳಿಗೂ ವೋಲ್ಟೇಜಿನಲ್ಲಿ ಹೊಂದಾಣಿಕೆಯಿಲ್ಲದ ದೇಶ ನಮ್ಮದು. ಅನೀಸಿಯೊ ಹದಿನೆಂಟನೇ ವಯಸ್ಸಿಗೆ ಕೆಲಸ ಕಲಿತದ್ದು ದಕ್ಷಿಣದ ಲಾಜಿಸ್‌ನಲ್ಲಿ. ಅಲ್ಲಿ ಗೋಡೆಯಿಂದ ಬರುವುದು ಇನ್ನೂರಿಪ್ಪತ್ತು ವೋಲ್ಟು. ಕುರಿಟೀಬಾದಲ್ಲಿ ನೂರಿಪ್ಪತ್ತೇಳು. ಇಲ್ಲಿಗೆ ಬಂದು ನಲವತ್ತಾರು ವರ್ಷವಾಗಿತ್ತು, ಒಂದು ದಿನವೂ ಅವರು ಎರಡನ್ನೂ ಬೆರೆಸಿದವರಲ್ಲ.

ತಪ್ಪು ಎಂದು ಬಾಯಿಬಿಟ್ಟು ಹೇಳಲು ಅವಳಿಗೆ ಆಗಲಿಲ್ಲ. ಚೀಲದಿಂದ ವೈರಿನ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ತೆಗೆದು ಕೈಗೆ ಕೊಟ್ಟಳು. "ನೀನೇ ನೋಡಪ್ಪ. ನಾನು ಶವರ್ ಹಾಕ್ತೀನಿ."

ನೀರು ಬಿಟ್ಟಳು. ಬಚ್ಚಲಿನಲ್ಲಿ ಹಬೆಯೆದ್ದಿತು. ಅಡುಗೆಮನೆಯಿಂದ ಸದ್ದೇ ಇಲ್ಲ. ಹೋಗಿ ನೋಡಿದರೆ ಅಪ್ಪ ವೈರಿಗೆ ಮೀಟರ್ ಕಚ್ಚಿಸಿ ಹಾಗೇ ನಿಂತಿದ್ದರು.

"ನಲವತ್ಮೂರು ಆಂಪಿಯರ್," ಎಂದರು.

"ಹೂಂ."

"ಮೀಟರ್ ಕೆಟ್ಟಿರ್ಬೇಕು ಅಂತೀಯಾ?"

ಅವಳಿಗೆ ಕೆಟ್ಟಿದೆ ಎಂದು ಬಿಡಲೇ ಎಂದು ಒಂದು ಗಳಿಗೆ ನಿಜಕ್ಕೂ ಅನ್ನಿಸಿತು.

ಅವರೇ ಮೀಟರಿನ ಕಡ್ಡಿಗಳನ್ನು ಚುಚ್ಚಿ ವೋಲ್ಟೇಜ್ ನೋಡಿದರು. ತುಟಿ ಅಲ್ಲಾಡುತ್ತಿತ್ತು. "ನೂರಿಪ್ಪತ್ತೇಳು. ನಲವತ್ಮೂರರಿಂದ ಭಾಗ್ಸಿದ್ರೆ ಮೂರು ಓಮ್‌ಗೆ ಚೂರು ಕಮ್ಮಿ. ಇನ್ನೂರಿಪ್ಪತ್ತರ ಕಾಯಿಲ್ ಆಗಿದ್ರೆ ಒಂಬತ್ತರ ಹತ್ರ ಇರ್ತಿತ್ತು. ಅಂದ್ರೆ ಕಾಯಿಲ್ ಈ ಊರಿಂದೇ. ನೂರಿಪ್ಪತ್ತೇಳು ಇಂಟು ನಲವತ್ಮೂರು, ಐದು ಸಾವಿರದ ನಾನೂರ ಅರವತ್ತೊಂದು. ವ್ಯಾಟೂ ಸರಿ." ಟಪ್ಪೆಂದು ಬ್ರೇಕರ್ ಬಿತ್ತು. "ಇದೂ ಸರಿಯಾಗೇ ಇದೆ. ಪಾಪ, ಎರಡು ವಾರದಿಂದ ಇವ್ರ ಮನೆ ಕಾಪಾಡಿದೆ."

ಪರರ ಕೆಲಸದಲ್ಲಿ ದೋಷ ಹುಡುಕುವಾಗ ಇರುತ್ತಿದ್ದ ಶಾಂತ ದನಿಯಲ್ಲೇ ಅವರು ಇಷ್ಟನ್ನೂ ಹೇಳಿದರು. ಉಳಿದದ್ದು ಒಬ್ಬರೇ ಎಂದು ಇಬ್ಬರಿಗೂ ತಿಳಿಯಿತು.

"ಅಂತೂ ಏನ್ ಕೆಟ್ಟಿರೋದು?" ಬೇಯಿಸಿದ ಪಿನ್ಯಾವ್ ಬೀಜದ ಬಟ್ಟಲು ಮೇಜಿನ ಮೇಲಿಟ್ಟು ಓಡೆಚಿ ಕೇಳಿದಳು.

"ನಾನು," ಎಂದರು ಅನೀಸಿಯೊ. ಅವಳು ತಮಾಷೆಯೆಂದುಕೊಂಡು ನಕ್ಕಳು.

ದಪ್ಪನೆಯ ಹತ್ತು ಎಂಎಂ ವೈರ್ ಎಳೆದು ಐವತ್ತರ ಬ್ರೇಕರ್ ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೆಲಸದಲ್ಲಿ ಅವರ ಕೈ ಒಮ್ಮೆಯೂ ತಡವರಿಸಲಿಲ್ಲ. ಹೊರಗೆ ವ್ಯಾನಿನ ಹತ್ತಿರ ಬಂದ ಮೇಲೆ ಕೇಳಿದರು.

"ಈ ಚಳಿಗಾಲದಲ್ಲಿ ನಾನು ಎಷ್ಟು ಮನೆಗೆ ಒಬ್ನೇ ಹೋಗಿದ್ದೆ?"

"ಇದು ಬಿಟ್ಟು ಮೂರು."

"ಮೂರನ್ನೂ ನೋಡ್ಬೇಕು. ಇವತ್ತೇ."

"ವ್ಯಾನ್ ಹತ್ತಪ್ಪ, ಹೋಗೋಣ."

"ನಾನು ಬರಲ್ಲ. ನನ್ನನ್ನ ಮನೆಗೆ ಬಿಡು."

"ಅಪ್ಪ, ಒಂದ್ಸಲ ತಪ್ಪಿದ್ದಕ್ಕೆ—"

"ಬಂದ್ರೆ ನಾನು ಲೆಕ್ಕ ಹೇಳ್ತೀನಿ, ಮಗಾ. ಬಾಯಿ ಸುಮ್ನಿರಲ್ಲ. ನಾನು ಹೇಳಿದ್ರೆ ನೀನು ನಂಬ್ತೀಯ. ನಂಗೆ ಅದೇ ಭಯ."

ಅದು ನಿಜ. ಇನ್ನೂರಿಪ್ಪತ್ತು ಎಂಬ ಮಾತೊಂದು ಬಾಯಿಂದ ಬರದೆ ಬರೀ ಇಪ್ಪತ್ತೈದು ಎಂದಿದ್ದರೆ, ಅವಳು ಬ್ರೇಕರನ್ನೇ ಬದಲಿಸಿ ಬರುತ್ತಿದ್ದಳು.

ಅಪ್ಪನನ್ನು ಮನೆಗೆ ಬಿಟ್ಟು ಮುಂದಿನ ಮನೆಗೆ ಹೋದಳು. ಅಲ್ಲಿನ ಶವರ್ ಆರು ಸಾವಿರದ ಎಂಟುನೂರು ವ್ಯಾಟಿನದು, ಅಪ್ಪ ಎಳೆದ ವೈರ್ ಅಲ್ಲೂ ನಾಲ್ಕು ಎಂಎಂನದೇ. ಕಾಗದದ ಮೇಲೆ ನೂರಿಪ್ಪತ್ತೇಳರಿಂದ ಭಾಗಿಸಿದಳು, ಐವತ್ಮೂರೂವರೆ. ಮತ್ತೊಮ್ಮೆ ಭಾಗಿಸಿದಳು, ಮೂರನೆಯ ಸಲವೂ. ಉತ್ತರ ಅದೇ. ಇಪ್ಪತ್ತೆರಡು ವರ್ಷ ಅಪ್ಪನ ಜೊತೆ ಕೆಲಸ ಮಾಡಿ ಒಂದು ಉತ್ತರವನ್ನೂ ಅವಳು ಒಬ್ಬಳೇ ಒಪ್ಪಿಕೊಂಡಿರಲಿಲ್ಲ. ಫೋನ್ ಕೈಗೆತ್ತಿಕೊಂಡಳು, ಅಪ್ಪನ ಹೆಸರಿನವರೆಗೂ ಹೋದಳು. ಆಮೇಲೆ ಅದನ್ನು ಕೆಳಗಿಟ್ಟು ಹೊಸ ವೈರ್ ಕತ್ತರಿಸತೊಡಗಿದಳು.