ಉಲ್ಬೆಗೆ ಕೇಳಿಸಿದ ಕೆರೆ

ಬ್ರೆಜಿಲಿನಿಂದ ಬಂದ ಹುಡುಗಿ ಮೂರು ಸ್ವೆಟರು ತೊಟ್ಟು, ಮೇಲೊಂದು ಕಂಬಳಿ ಹೊದ್ದು, ಒಲೆಗೆ ಬೆನ್ನು ಕೊಟ್ಟು ಕೂತಿದ್ದಳು. ಯುರೋಪ್ ಸುತ್ತಲು ಹೊರಟವಳು ಪ್ಯಾರಿಸ್, ರೋಮ್ ಎಲ್ಲ ಮುಗಿಸಿ, ಡಚ್ಚರ ನಾಡಿನ ಫ್ರೀಸ್ಲಂಡ್ ಸೀಮೆಯ ಈ ಮೂಲೆಗೆ, ತಾತನ ತಂಗಿಯ ಮನೆಗೆ, ಫೆಬ್ರವರಿಯ ಚಳಿಯಲ್ಲೇ ಬರಬೇಕೇ? ಹಾಗಂತ ರೆನ್ಸ್ಕೆ ಮನಸ್ಸಿನಲ್ಲೇ ಗೊಣಗಿಕೊಂಡರೂ ಜನೈನಾ ಬಂದದ್ದು ಅವಳಿಗೆ ಹಬ್ಬವೇ ಆಗಿತ್ತು. ಅಣ್ಣ ಉಲ್ಬೆಯ ಮೂಗು, ಉಲ್ಬೆಯ ಹುಬ್ಬು ಹೊತ್ತುಕೊಂಡು ಒಬ್ಬಳು ಮನೆಯೊಳಗೆ ಓಡಾಡುವುದೆಂದರೆ ಸಾಮಾನ್ಯವೇನು.

ಉಲ್ಬೆ ಮೀಸೆ ಬರುವ ವಯಸ್ಸಿನಲ್ಲೇ ಹಡಗು ಹತ್ತಿ ಬ್ರೆಜಿಲಿಗೆ ಹೋದವನು. ಅಲ್ಲೇ ಹಸು ಕಟ್ಟಿದ, ಮದುವೆಯಾದ, ಮೊಮ್ಮಕ್ಕಳನ್ನು ಕಂಡ. ಈಗೆರಡು ವರ್ಷದಿಂದ ಅವನ ನೆನಪು ಒಂದೊಂದಾಗಿ ಕಳಚಿ ಬೀಳುತ್ತಿದೆ. ಮೊದಲು ಪೋರ್ಚುಗೀಸ್ ಹೋಯಿತು, ಆಮೇಲೆ ಡಚ್ ಹೋಯಿತು, ಉಳಿದಿರುವುದು ಫ್ರೀಸ್ಲಂಡಿನ ಮನೆಮಾತೊಂದೇ. ಆ ಮಾತು ಅಲ್ಲಿ ಯಾರಿಗೂ ಬಾರದು. ರೆನ್ಸ್ಕೆ ಪ್ರತಿ ಭಾನುವಾರ ತಪ್ಪದೆ ಫೋನ್ ಮಾಡುತ್ತಾಳೆ. ಅವನು ಬಲು ಮರ್ಯಾದೆಯಿಂದ, "ಯಾರಮ್ಮ ತಾವು?" ಅನ್ನುತ್ತಾನೆ. "ನಿನ್ನ ತಂಗಿ ಕಣೋ, ರೆನ್ಸ್ಕೆ" ಅಂದರೆ, "ನನ್ನ ತಂಗಿ ಚಿಕ್ಕ ಹುಡುಗಿ. ನೀವು ಯಾರೋ ಅಜ್ಜಿ ಇದ್ದಂಗಿದೆ" ಅಂತ ಇಟ್ಟುಬಿಡುತ್ತಾನೆ. ಒಂದೇ ಒಂದು ಸಲ ಅವನು ತನ್ನನ್ನು ಗುರುತು ಹಿಡಿಯಲಿ, ಆಮೇಲೆ ಏನಾದರೂ ಆಗಲಿ, ಅಷ್ಟೇ ಅವಳ ಆಸೆ.

"ಅಜ್ಜಿ, ತಾತ ದಿನವಿಡೀ ಒಂದೇ ಮಾತು ಕೇಳ್ತಾರೆ. ಅಮ್ಮಂಗೆ ಅರ್ಥವಾಗದೆ ತಲೆ ಕೆಟ್ಟುಹೋಗಿದೆ. ನಿಮ್ಮನ್ನ ಕೇಳ್ಕೊಂಡು ಬಾ ಅಂದಿದ್ದಾಳೆ" ಎಂದು ಜನೈನಾ ತಾತ ಕಲಿಸಿದ್ದ ಡಚ್ಚಿನಲ್ಲಿ ಹೇಳಿ, ಫೋನಿನಲ್ಲಿ ಹಿಡಿದು ತಂದಿದ್ದ ಅವನ ದನಿಯನ್ನು ಕೇಳಿಸಿದಳು.

ರೆನ್ಸ್ಕೆ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. "ಐಸು ನಮ್ಮನ್ನ ಹೊರುತ್ತಾ ಅಂತ ಕೇಳ್ತಿದಾನೆ ಕಣೆ. ಕೆರೆ ಮೇಲೆ ಇಳೀಬಹುದಾ ಅಂತ. ಚಳಿಗಾಲ ಬಂತು ಅಂದ್ರೆ ಹಾಸಿಗೇಲಿ ಕಣ್ಣು ಬಿಡೋ ಮೊದಲೇ ನಮ್ಮಪ್ಪನ್ನ ಹೀಗೆ ಕೇಳೋನು."

"ಏನು ಹೇಳ್ಲಿ ಅವ್ರಿಗೆ?"

"ಏನು ಹೇಳ್ತೀಯ. ಕೆರೆ ಗಟ್ಟಿಯಾಗಿ ಎಷ್ಟೋ ವರ್ಷ ಆಯ್ತು."

ಆದರೆ ಆ ವಾರ ಮೂಡಣದ ಗಾಳಿ ಬೀಸತೊಡಗಿತು. ರೆನ್ಸ್ಕೆಯ ಮಗ ವೀಬ್ರೆನ್ ಹಾಲು ಕರೆದದ್ದೇ ಐಸಿನ ದಪ್ಪ ನೋಡಲು ಕೊಡಲಿ ಹಿಡಿದು ಕೆರೆಯತ್ತ ಹೋಗುವುದು, ತಲೆಯಾಡಿಸುತ್ತ ವಾಪಸು ಬರುವುದು ನಡೆದೇ ಇತ್ತು. ಜನೈನಾ ಹೊರಡಬೇಕಾದ ಹಿಂದಿನ ದಿನ ಅವನು ಅಡುಗೆಮನೆ ಬಾಗಿಲಲ್ಲಿ ನಿಂತು, "ಹೊರುತ್ತೆ" ಅಂದ. ಅಷ್ಟು ಸಾಕಾಯಿತು. ಶಾಲೆಗೆ ರಜೆ, ಬಡಗಿಯ ಅಂಗಡಿಗೆ ಬೀಗ, ಪಾದ್ರಿಯೂ ಐಸಿನ ಮೇಲೆ ಜಾರುವ ಸ್ಕೇಟು ಹುಡುಕಲು ಅಟ್ಟ ಹತ್ತಿದರು.

"ಅಮ್ಮ, ನೀನು ಮಾತ್ರ ದಡದ ಮೇಲೆ" ಎಂದ ವೀಬ್ರೆನ್. "ಆಪರೇಷನ್ ಮಾಡಿಸಿ ಸೊಂಟದೊಳಗೆ ಕಬ್ಬಿಣ ಇಟ್ಕೊಂಡು ಐಸಿನ ಮೇಲೆ ಕಾಲಿಟ್ಟೆಯೋ, ಎತ್ಕೊಂಡು ಬಂದು ಕೋಣೇಲಿ ಕೂಡಿಹಾಕ್ತೀನಿ."

"ನಿನ್ನ ಹೆತ್ತ ಸೊಂಟ ಕಣೋ ಅದು. ಮರ್ಯಾದೆ ಕೊಟ್ಟು ಮಾತಾಡು" ಎಂದಳು ರೆನ್ಸ್ಕೆ. ಬಟಾಣಿ ಸೂಪಿನ ಪಾತ್ರೆಯ ಕೆಳಗೆ ತನ್ನ ಹಳೆಯ ಮರದ ಸ್ಕೇಟುಗಳನ್ನು ಸೇರಿಸಿಯೇ ಚೀಲ ಕಟ್ಟಿದಳು.

ಹಿಮ ಬೀಳದೆ ಕಟ್ಟಿದ ಐಸು ಅದು, ಕಪ್ಪು ಗಾಜಿನಂತೆ ದಿಗಂತದವರೆಗೂ ಹಾಸಿತ್ತು. ಕಲಿಯುವವರಿಗೆ ಕೊಡುವಂತೆ ಜನೈನಾಳ ಕೈಗೆ ಅಡುಗೆಮನೆಯ ಕುರ್ಚಿಯೊಂದನ್ನು ಕೊಟ್ಟಿದ್ದರು. ಅದನ್ನು ತಳ್ಳುತ್ತ ನಾಲ್ಕು ಹೆಜ್ಜೆ ಹೋದವಳು ಗಕ್ಕನೆ ನಿಂತಳು. ಮೆಲ್ಲಗೆ ಮಂಡಿಯೂರಿದಳು, ಆಮೇಲೆ ಬೋರಲು ಮಲಗಿಯೇಬಿಟ್ಟಳು. ಅವಳ ಮುಖದ ಕೆಳಗೆ ನೀರುಹುಲ್ಲು ನೆಟ್ಟಗೆ ನಿಂತಿತ್ತು. ಮೇಲೇರುತ್ತಿದ್ದ ಗುಳ್ಳೆಗಳು ದಾರಿಯಲ್ಲೇ ಸೆರೆಸಿಕ್ಕಿದ್ದವು. ಮೀನೊಂದು ಅವಳನ್ನೇ ನೋಡುತ್ತ ರೆಕ್ಕೆಯಾಡಿಸುತ್ತಿತ್ತು. ಅಷ್ಟರಲ್ಲಿ ಆ ದಡದಿಂದ ಹೊರಟ ಒಂದು ನಾದ, ತಂತಿ ಮೀಟಿದಂತೆ ಉದ್ದಕ್ಕೆ, ಅವಳ ಎದೆಯ ಕೆಳಗೇ ಹಾದು ಈ ದಡಕ್ಕೆ ಓಡಿಬಂತು.

"ಅಜ್ಜಿ, ಇದಕ್ಕೆ ಜೀವ ಇದೆ" ಎಂದಳು ಜನೈನಾ.

"ಹಾಡ್ತಿದೆ. ಚಳಿ ಏರಿದಾಗ ಹಾಡುತ್ತೆ" ಎಂದಳು ರೆನ್ಸ್ಕೆ. ಹಾಗೆ ಸಲೀಸಾಗಿ ಹೇಳಿದಳು ನಿಜ, ಆದರೆ ಎಂಬತ್ತು ಚಳಿಗಾಲ ಕಂಡ ಅವಳ ಮೈಯೂ ಜುಮ್ಮೆಂದಿತ್ತು. ಹೋದ ವಾರದವರೆಗೆ ಬಾತುಕೋಳಿ ಈಜುತ್ತಿದ್ದ ನೀರು ಇವತ್ತು ಊರನ್ನೇ ತಲೆಯ ಮೇಲೆ ಹೊತ್ತು ನಿಂತಿತ್ತು. ಇದನ್ನು ಕಂಡು ಬೆರಗಾಗದವರು ಮನುಷ್ಯರೇ ಅಲ್ಲ ಬಿಡಿ.

ಜನೈನಾ ಎದ್ದು ಕೂತು ಬ್ರೆಜಿಲಿಗೆ ಫೋನ್ ಹಚ್ಚಿದಳು. ಅಲ್ಲಿ ಅವಳಮ್ಮ ಫ್ಯಾನಿನ ಕೆಳಗೆ ಬೆವರುತ್ತ ಕೂತಿದ್ದ ಉಲ್ಬೆಯ ಕಿವಿಗೆ ಫೋನ್ ಹಿಡಿದಳು. ಜನೈನಾ ತನ್ನ ಫೋನಿನ ದನಿ ಏರಿಸಿ, ಐಸಿನ ಮೇಲೆಯೇ ಮಲಗಿಸಿ, ಎಲ್ಲರಿಗೂ ಮಾತಾಡಬೇಡಿರೆಂದು ಸನ್ನೆ ಮಾಡಿದಳು. ಕೆರೆ ಇನ್ನೊಮ್ಮೆ ಹಾಡಿತು.

ಆ ಕಡೆ ಉಲ್ಬೆ ತನಗೆ ತಾನೇ, "ಹೊರುತ್ತೆ" ಅಂದ.

ವೀಬ್ರೆನ್ ಫೋನಿನ ಪಕ್ಕದಲ್ಲೇ ಸುಯ್ಯನೆ ಹಾದುಹೋದ. "ಇವನ್ಯಾವನೋ ಗೂಳಿ ಇದ್ದಂಗಿದಾನೆ" ಎಂದಿತು ಆ ದನಿ. "ಜೊಂಡಿನ ಹತ್ರ ಹೋಗ್ಬೇಡ ಅನ್ರಪ್ಪ, ಅಲ್ಲಿ ತೆಳ್ಳಗಿರುತ್ತೆ." ನೆರೆದವರು ಬಾಯಿಗೆ ಕೈಗವಸು ಅಡ್ಡ ಹಿಡಿದು ನಕ್ಕರು.

ರೆನ್ಸ್ಕೆಗೆ ಮಾತ್ರ ನಗು ಬರಲಿಲ್ಲ. ಅಲ್ಲಾ, ಮುಖ ಗೊತ್ತಿಲ್ಲ, ದನಿ ಗೊತ್ತಿಲ್ಲ, ಸ್ಕೇಟಿನ ಈ ಸದ್ದು ಗೊತ್ತಿದೆ ಇವನಿಗೆ. ಮಗ ದೂರ ಹೋದದ್ದನ್ನು ನೋಡಿಕೊಂಡು ಚೀಲ ಬಿಚ್ಚಿದಳು, ಸ್ಕೇಟುಗಳನ್ನು ಬೂಟಿಗೆ ಬಿಗಿದಳು, ಜನೈನಾಳ ಕುರ್ಚಿ ಹಿಡಿದು ಮೆಲ್ಲಗೆ ಐಸಿಗಿಳಿದಳು. ಕುರ್ಚಿಯ ಕಾಲು ಕರಕರ ಅಂದಿತು.

"ಕುರ್ಚಿ ತಳ್ತಿರೋ ಪಾಪು ಯಾರದು?" ಎಂದು ಕೇಳಿದ ಉಲ್ಬೆ. "ಬೀಳಿಸೀರಿ, ಜೋಪಾನ."

ಪಾಪುವಂತೆ. ರೆನ್ಸ್ಕೆಗೆ ಮೈಯೆಲ್ಲ ಉರಿದುಹೋಯಿತು. ಅಡುಗೆಮನೆಯ ಕುರ್ಚಿಯನ್ನು ಆಚೆ ದೂಡಿದಳು, ಬೆನ್ನು ಬಗ್ಗಿಸಿ ಎರಡೂ ಕೈ ಹಿಂದಕ್ಕೆ ಕಟ್ಟಿದಳು, ಬಲಗಾಲು ಒತ್ತಿದಳು. ಐಸು ಅವಳನ್ನು ಹೊತ್ತುಕೊಂಡು ಹೊರಟಿತು. ದೂರದಿಂದ ವೀಬ್ರೆನ್, "ಅಮ್ಮಾ" ಅನ್ನುತ್ತ ಧಾವಿಸಿದ. ಜನೈನಾ ಎರಡೂ ಕೈ ಚಾಚಿ ಅವನನ್ನು ತಡೆದಳು. ಮುದುಕಿ ಒಂದು ದೊಡ್ಡ ಸುತ್ತು ಹಾಕಿ ಫೋನಿನ ಹತ್ತಿರಕ್ಕೆ ಬಂದಳು.

"ನೋಡು, ಬಂದ್ಲು ನಮ್ಮ ರೆನ್ಸ್ಕೆ" ಎಂದ ಉಲ್ಬೆ. "ಎಡಗಾಲು ಎಳೀತಾಳೆ. ಅಪ್ಪ ಬಾಯಿ ನೋಯೋವಷ್ಟು ಹೇಳಿದ್ರೂ ಕೇಳಲ್ಲ ಕತ್ತೆ."

ರೆನ್ಸ್ಕೆ ಅಲ್ಲೇ ನಿಂತುಬಿಟ್ಟಳು. ಕೆನ್ನೆಯ ಮೇಲೆ ನೀರು ಹರಿದು ಗಲ್ಲದಲ್ಲಿ ತಣ್ಣಗಾಗುತ್ತಿತ್ತು.

"ನಿಂತೇ ಹೋದ್ಲಲ್ಲ. ರೆನ್ಸ್ಕೆ, ಏನಾಯ್ತೆ, ಬಿದ್ದೆಯಾ?"

ಜನೈನಾ ಫೋನೆತ್ತಿ ಅವಳ ಬಾಯಿಯ ಹತ್ತಿರ ಹಿಡಿದಳು. ರೆನ್ಸ್ಕೆ ತುಟಿ ತೆರೆದಳು. ತನ್ನ ಮುದಿ ದನಿ ಅವನ ಕಿವಿಗೆ ಬಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಬೇಡವೆಂದು ತಲೆಯಾಡಿಸಿ, ಫೋನನ್ನು ಮತ್ತೆ ಐಸಿನ ಮೇಲೆ ಇಡು ಎಂದು ಸನ್ನೆ ಮಾಡಿದಳು, ಎಡಗಾಲನ್ನು ಇನ್ನಷ್ಟು ಎಳೆಯುತ್ತ ಮತ್ತೊಂದು ಸುತ್ತು ಹೊರಟಳು.