ಖಾಲಿ ಮನೆಯ ತೆರಿಗೆ

ವರ್ಷಕ್ಕೊಮ್ಮೆ ತಮ್ಮ ನನ್ನನ್ನು ಸಮುದ್ರಕ್ಕೆ ಕರೆದುಕೊಂಡು ಹೋಗುತ್ತಿದ್ದ. ಒಂದು ವಾರ ಪೂರ್ತಿ. ಹೊರಡುವ ಹಿಂದಿನ ದಿನ ಅವನೇ ವ್ಯಾನು ತಂದು ನನ್ನ ಮಂಚ, ಹೊಲಿಗೆ ಮೆಷಿನ್, ಪಾತ್ರೆಪಗಡ ಎಲ್ಲವನ್ನೂ ತನ್ನ ಮನೆಯ ಗ್ಯಾರೇಜಿಗೆ ಸಾಗಿಸುತ್ತಿದ್ದ. "ನೀನಿಲ್ದಾಗ ಗೋಡೆಗೆ ಬಣ್ಣ ಹೊಡೆಸ್ತೀನಕ್ಕ" ಎನ್ನುತ್ತಿದ್ದ. ಬಣ್ಣದವರ ಮೇಲೆ ಕಣ್ಣಿಡಲು ಅವನ ಹೆಂಡತಿ ಇಲ್ಲೇ ಉಳಿಯುತ್ತಿದ್ದಳು. ಪಾಪ, ಅವಳ ತ್ಯಾಗ ನೆನೆದು ನಾನು ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡವಳು.

ಅಲ್ಲಿ ಮರಳಿನ ಮೇಲೆ ಕೂತಿರುವಾಗ, ಒಂದು ದಿನ ಅವನು ಫೋನಿನಲ್ಲಿ ಏನೋ ನೋಡಿ ಮುಖ ಅರಳಿಸಿ ನನಗೆ ಐಸ್‌ಕ್ರೀಂ ಕೊಡಿಸುತ್ತಿದ್ದ. ಪ್ರತಿ ವರ್ಷವೂ ಹಾಗೆ ಒಂದು ದಿನ. ಅಕ್ಕನ ಜೊತೆಗಿರುವ ಖುಷಿ ಎಂದುಕೊಂಡಿದ್ದೆ. ಊರಿಗೆ ಬಂದ ಮೇಲೆ ಗಿರಾಕಿಗಳ ಮುಂದೆ ಕೊಚ್ಚಿಕೊಂಡದ್ದು ಅಷ್ಟಿಷ್ಟಲ್ಲ. ನಿಮಗೂ ಇದ್ದಾರೆ ಅಣ್ಣತಮ್ಮಂದಿರು, ಯಾತಕ್ಕೆ ಬಂತು, ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೂ ಉಂಟು.

ಮನೆ ಅಪ್ಪ ಬಿಟ್ಟುಹೋದದ್ದು, ನಮ್ಮಿಬ್ಬರ ಹೆಸರಿನಲ್ಲಿದೆ. ತಮ್ಮ ಬೇರೆ ಬಡಾವಣೆಯಲ್ಲಿದ್ದಾನೆ. ನಾನು ಇಲ್ಲಿ ಶಾಲೆಯ ಸಮವಸ್ತ್ರ ಹೊಲಿದುಕೊಂಡು ಇದ್ದೇನೆ. ಮನೆ ತೆರಿಗೆ ಕಟ್ಟುವುದು ಅವನ ಕೆಲಸ. ಪೂರ್ತಿ ತೆರಿಗೆ ಇಷ್ಟಾಯಿತು ಎಂದು ಅವನು ಹೇಳಿದರೆ, ಅದರ ಅರ್ಧ ಅವನ ಕೈಗಿಡುತ್ತಿದ್ದೆ. ಅಮ್ಮ ಹೋದಾಗ ಅವನಿನ್ನೂ ತೊಟ್ಟಿಲಲ್ಲಿದ್ದ. ಅವನ ಮೂಗು ಒರೆಸಿದ ಕೈಯನ್ನು ರಸೀದಿಗಾಗಿ ಚಾಚುವುದು ನನ್ನಿಂದಾಗಲಿಲ್ಲ.

ಈ ಸಲ ಹೊರಡಲು ಇನ್ನೂ ವಾರವಿತ್ತು. ಬೆಳಿಗ್ಗೆ ಒಲೆಯ ಮೇಲೆ ಚಹಾ ಇಟ್ಟು, ಒಂದು ಚಡ್ಡಿಗೆ ಜೇಬು ಕೂರಿಸುತ್ತಿದ್ದೆ. ಯಾರೋ ಬಾಗಿಲು ತಟ್ಟಿದರು. ತೆರೆದರೆ, ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹೆಂಗಸು, ಕೈಯಲ್ಲಿ ಟ್ಯಾಬ್. ನನ್ನನ್ನು ಕಂಡು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು.

"ನೀವ್ಯಾರು?" ಎಂದಳು.

"ನನ್ನ ಮನೆ ಬಾಗಿಲು ತಟ್ಟಿ ನನ್ನನ್ನೇ ಯಾರು ಅಂತೀರಲ್ಲ" ಎಂದೆ. ನನ್ನ ಸಿಟ್ಟು ಯಾವತ್ತೂ ಮೂಗಿನ ತುದಿಯಲ್ಲೇ.

"ತೆರಿಗೆ ಇಲಾಖೆಯಿಂದ ಬಂದಿದ್ದೀನಿ. ಈ ಮನೇಲಿ ಯಾರೂ ವಾಸ ಇಲ್ಲ ಅಂತ ಬರೆದುಕೊಟ್ಟಿದ್ದಾರಲ್ಲ. ಖಾಲಿ ಮನೆಗೆ ಅರ್ಧ ತೆರಿಗೆ. ನಿಜವಾಗ್ಲೂ ಖಾಲಿನಾ ಅಂತ ವರ್ಷಕ್ಕೊಂದ್ಸಲ ಬಂದು ನೋಡ್ತೀವಿ. ಈ ಸಲ ಒಂದು ವಾರ ಮುಂಚೆ ಬಂದ್ವಿ, ಅಷ್ಟೆ."

"ಮನೆ ತಪ್ಪಿ ಬಂದಿದ್ದೀರಿ" ಎಂದೆ.

ಆಕೆ ಟ್ಯಾಬನ್ನು ನನ್ನ ಕಡೆ ತಿರುಗಿಸಿದಳು. ಹೋದ ವರ್ಷದ ಫೋಟೋ. ಈ ಕೋಣೆಯೇ. ಮೆಷಿನ್ನಿನ ಕಾಲು ಊರಿ ನೆಲದಲ್ಲಿ ಬಿದ್ದ ನಾಲ್ಕು ಗುಳಿಗಳಿದ್ದವು, ಮೆಷಿನ್ ಇರಲಿಲ್ಲ. ಕ್ಯಾಲೆಂಡರಿನ ಮೊಳೆ ಇತ್ತು, ಕ್ಯಾಲೆಂಡರ್ ಇರಲಿಲ್ಲ. ಆಕೆ ಬೆರಳಿನಿಂದ ಸರಿಸಿದಳು. ಅದರ ಹಿಂದಿನ ವರ್ಷ, ಅದರ ಹಿಂದಿನದು. ಎಲ್ಲದರಲ್ಲೂ ಬೋಳು ನೆಲ. ಒಂದರಲ್ಲಿ ಮಾತ್ರ, ಮೂಲೆಯಲ್ಲಿ, ಬೀಗದ ಕೈ ಹಿಡಿದು ನಿಂತ ತಮ್ಮನ ಹೆಂಡತಿಯ ಅರ್ಧ ಭುಜ. ಸತ್ತ ಮೇಲೆ ನನ್ನ ಕೋಣೆ ಹೇಗಿರುತ್ತದೆಂದು ನನಗೆ ಮೊದಲೇ ತೋರಿಸಿದ ಹಾಗಿತ್ತು.

"ನೋಡಿದ ಮೇಲೆ ಬರೆದುಕೊಟ್ಟವರ ಫೋನಿಗೆ ಸಂದೇಶ ಹೋಗುತ್ತೆ, ಎಲ್ಲ ಸರಿಯಿದೆ ಅಂತ" ಎಂದಳು. "ಬರೋದಕ್ಕೆ ಮುಂಚೇನೂ ಹೋಗುತ್ತೆ. ಇವತ್ತು ಬೆಳಿಗ್ಗೆನೇ ಕಳಿಸಿದ್ದೀವಿ."

ಮರಳಿನ ಮೇಲೆ ಅವನು ಕೊಡಿಸುತ್ತಿದ್ದ ಐಸ್‌ಕ್ರೀಂ ನೆನಪಾಯಿತು.

ಇನ್ನೊಂದೂ ಹೊಳೆಯಿತು. ಪೂರ್ತಿ ತೆರಿಗೆಯ ಅರ್ಧ ನಾನು ಕೊಡುತ್ತಿದ್ದೆ, ಅವನು ಕಟ್ಟುತ್ತಿದ್ದುದೇ ಅರ್ಧ. ನಾನಿಲ್ಲದ ಮನೆಗೆ ನಾನೊಬ್ಬಳೇ ತೆರಿಗೆ ಕಟ್ಟುತ್ತಿದ್ದೆ. ನನ್ನ ಕಿವಿಯ ಮೇಲೆ ಹೂವಿಟ್ಟು ಎಷ್ಟು ವರ್ಷವಾಗಿತ್ತೋ.

"ಇಲ್ಲಿ ಯಾರಾದ್ರೂ ಇದ್ರೆ ಏನಾಗುತ್ತೆ?" ಎಂದೆ.

"ಅಷ್ಟೂ ವರ್ಷದ ಬಾಕಿ, ಮೇಲೆ ದಂಡ. ಅಕ್ಕ ತಮ್ಮ ಇಬ್ಬರ ಹೆಸರಿದೆ, ಇಬ್ಬರೂ ಹೊಣೆ. ನನಗೆ ಗೊತ್ತೇ ಇರ್ಲಿಲ್ಲ ಅಂದ್ರೆ ಬಿಡಲ್ಲ."

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ತಮ್ಮ. ಹೆಲ್ಮೆಟ್ ಕೂಡ ತೆಗೆಯದೆ ಏದುಸಿರು ಬಿಡುತ್ತ ಒಳಗೆ ಬಂದ. ನನ್ನನ್ನು ನೋಡಲಿಲ್ಲ, ನೇರವಾಗಿ ಆಕೆಯ ಹತ್ತಿರ ಹೋದ. ತಪ್ಪಾಯ್ತು ಎನ್ನಬಹುದು, ಅಕ್ಕ ನಾಲ್ಕು ದಿನಕ್ಕೆ ಬಂದಿದ್ದಾಳೆ ಎಂದಾದರೂ ಸುಳ್ಳು ಹೇಳಬಹುದು ಎಂದು ಕಾಯುತ್ತಿದ್ದೆ. ಆ ಸುಳ್ಳಾಗಿದ್ದರೆ ಬಹುಶಃ ನಾನೂ ತಲೆಯಾಡಿಸಿಬಿಡುತ್ತಿದ್ದೆ.

"ಇವರು ಮನೆ ಗುಡಿಸೋಕೆ ಬರೋರು ಮೇಡಂ" ಎಂದ. "ಆಗಾಗ ಬಂದು ಧೂಳು ಹೊಡೆದು ಹೋಗ್ತಾರೆ. ಮೆಷಿನ್ ಒಂದು ಇಟ್ಕೋತೀನಿ ಅಂದ್ರು, ಪಾಪ ಅಂತ ಬಿಟ್ಟಿದ್ದೀನಿ."

ಅವನು ತೊಟ್ಟಿದ್ದ ಅಂಗಿ ನಾನೇ ಹೊಲಿದದ್ದು. ಹೆಗಲು ಸ್ವಲ್ಪ ಬಿಗಿಯಾಗಿದೆ, ಬಿಚ್ಚಿ ಸರಿಮಾಡಿಕೊಡಬೇಕು ಎಂದು ಆ ಗಳಿಗೆಯಲ್ಲೂ ಅನಿಸಿತಲ್ಲ, ನನ್ನ ಹಣೆಬರಹ. ಒಲೆಯ ಮೇಲೆ ಚಹಾ ಉಕ್ಕಿ ಹರಿಯಿತು. ಯಾರೂ ಹೋಗಿ ಆರಿಸಲಿಲ್ಲ.

ಆಕೆ ನನ್ನ ಕಡೆ ತಿರುಗಿದಳು. "ಹೌದೇನಮ್ಮ?"

ಹೂಂ ಅಂದರೆ ಬಾಕಿ ಇಲ್ಲ, ದಂಡ ಇಲ್ಲ, ಮುಂದಿನ ವಾರ ಸಮುದ್ರ. ತಮ್ಮನ ಕಣ್ಣು ಆಗ ನನ್ನ ಕಡೆ ಹೊರಳಿತು. ಚಿಕ್ಕವನಿದ್ದಾಗ ಏನಾದರೂ ಒಡೆದು ಹಾಕಿ ನನ್ನ ಬೆನ್ನ ಹಿಂದೆ ಅಡಗುತ್ತಿದ್ದ, ಅದೇ ಕಣ್ಣು.

"ಆ ಅಕ್ಕ ನಾನೇ" ಎಂದೆ. "ಹುಟ್ಟಿದಾಗಿಂದ ಇಲ್ಲೇ ಇರೋದು. ಬಾಕಿ, ದಂಡ ಎಲ್ಲ ಹಾಕಿ. ನನ್ನ ಪಾಲು ನಾನು ಕಟ್ತೀನಿ."

"ಎಲ್ಲರೂ ಮಾಡ್ತಾರಕ್ಕ" ಎಂದ ತಮ್ಮ, ಮೆಲ್ಲಗೆ. ಈಗ ಅಕ್ಕ ಎಂದ.

ಆಕೆ ಟ್ಯಾಬಿನ ಮೇಲೆ ಏನೋ ಒತ್ತಿದಳು. "ಒಂದು ಕೇಳಲೇಬೇಕು. ಮಧ್ಯೆ ಯಾವಾಗಾದ್ರೂ ಮನೆ ಖಾಲಿ ಇತ್ತಾ?"

"ವರ್ಷಕ್ಕೊಂದು ವಾರ" ಎಂದೆ. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. "ಆ ಒಂದು ವಾರಕ್ಕೋಸ್ಕರ ಮಿಕ್ಕಿದ ವರ್ಷವೆಲ್ಲ ಕಾಯ್ತಿದ್ದೆ. ಅದನ್ನೂ ಬರ್ಕೊಳ್ಳಿ."